ತೇಲಿಬಂದ ಕಟ್ಟಿಗೆ ಯಾರದು?

"ಸತ್ತ ಕಟ್ಟಿಗಿರೀ ಸರ್, ಅದಕ್ಕೂ ಕಾನೂನ ಐತೇನ್ರೀ?" ಕಾಡು, ನದಿ, ಪರಿಸರ ಕುರಿತ ಚರ್ಚೆಗೆ ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳನ್ನು ಕೂಡಿಸಿದಾಗಲೆಲ್ಲ ಈ ಪ್ರಶ್ನೆ ಯಾವುದಾದರೊಂದು ರೂಪದಲ್ಲಿ ಬಂದೇ ಬರುತ್ತದೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಇದಕ್ಕೆ ಸಿಗುವ ಸಮಯ ಹೆಚ್ಚೆಂದರೆ ಎರಡು ನಿಮಿಷ. ತಜ್ಞರು "ಹೌದು, ಇದೆ" ಎನ್ನುತ್ತಾರೆ, ನಿರೂಪಕರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆ ಉತ್ತರದಿಂದ ನಿಮಗೆ ಸಮಾಧಾನವಾಗಿಲ್ಲವೆಂಬುದು ಕ್ಯಾಮೆರಾದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಈ ಪುಟಗಳು.

ಪ್ರಶ್ನೆ ಹುಟ್ಟುವ ಜಾಗ ನಿಮಗೆಲ್ಲ ಗೊತ್ತಿದ್ದದ್ದೇ. ಧಾರವಾಡದಿಂದ ಹಳಿಯಾಳ ದಾಟಿ ಮುಂದೆ ಹೋದರೆ ದಾಂಡೇಲಿ, ಅಲ್ಲಿ ಕಾಳಿ ನದಿ. ಕಾಲೇಜಿನ ಪ್ರವಾಸ, ಎನ್.ಎಸ್.ಎಸ್. ಶಿಬಿರ, ನಿಸರ್ಗ ಶಿಬಿರ ಎಂದು ನಮ್ಮ ಕಡೆಯ ಹುಡುಗ ಹುಡುಗಿಯರು ಒಮ್ಮೆಯಾದರೂ ಆ ನದಿಯ ದಂಡೆಯಲ್ಲಿ ಕೂತಿರುತ್ತಾರೆ. ಮಳೆಗಾಲದ ಹೊಳೆ ತಂದು ಬಿಟ್ಟ ಬೇರು, ಬೊಡ್ಡೆ, ಕೊಂಬೆಗಳು ಕಲ್ಲುಬಂಡೆಗಳ ಸಂದಿಯಲ್ಲಿ ಬಿದ್ದಿರುತ್ತವೆ. ಒಂದು ಬೇರು ಜಿಂಕೆಯ ಕೊಂಬಿನಂತೆ, ಇನ್ನೊಂದು ಹೆಡೆ ಎತ್ತಿದ ಹಾವಿನಂತೆ. ನಾಲ್ಕು ಜನ ಸೇರಿದರೆ ಒಂದು ಆನೆಯೋ ನವಿಲೋ ಕಮಾನೋ ಎದ್ದು ನಿಲ್ಲುತ್ತದೆ. ಫೋಟೊ ಆಗುತ್ತದೆ. ಬಸ್ಸು ಹೊರಡುತ್ತದೆ. ಆನೆ ಅಲ್ಲೇ ಉಳಿಯುತ್ತದೆ.

ಇದನ್ನು ದುಷ್ಟತನ ಎಂದು ಯಾರೂ ಹೇಳಲಾರರು. ಪ್ಲಾಸ್ಟಿಕ್ ಬಾಟಲಿ ಎಸೆದು ಬರುವವರಿಗಿಂತ ಇವರು ಎಷ್ಟೋ ಮೇಲು. ಕಣ್ಣಿದ್ದವರಿಗೆ ಮಾತ್ರ ಬೇರಿನಲ್ಲಿ ಜಿಂಕೆ ಕಾಣುತ್ತದೆ. ಆದರೆ ಸಂರಕ್ಷಿತ ಪ್ರದೇಶದಲ್ಲಿ ಈ ಕೆಲಸ ಏಕೆ ಕೂಡದು ಎಂಬುದಕ್ಕೆ ಕಾರಣಗಳಿವೆ. ಅವು ಕಾನೂನಿನ ಪುಸ್ತಕದಲ್ಲಿ ಮಾತ್ರ ಇರುವ ಕಾರಣಗಳಲ್ಲ.

ಕೆತ್ತಿದವರು ಯಾರು?

ಮೊದಲು ಆ ಕಟ್ಟಿಗೆಗೆ ಅಷ್ಟು ಚೆಂದದ ರೂಪ ಹೇಗೆ ಬಂತು ನೋಡೋಣ. ಮರದ ಕಾಂಡವನ್ನು ಅಡ್ಡ ಕೊಯ್ದು ನೋಡಿದರೆ ಹೊರಗಡೆ ತಿಳಿ ಬಣ್ಣದ ಭಾಗ, ಒಳಗಡೆ ಕಡು ಬಣ್ಣದ ಕೇಗು ಕಾಣುತ್ತದೆ. ಹೊರಭಾಗದಲ್ಲಿ ಪಿಷ್ಟ, ಸಕ್ಕರೆಯ ಅಂಶ ಇರುತ್ತದೆ. ಶಿಲೀಂಧ್ರಕ್ಕೂ ಹುಳಕ್ಕೂ ಅದು ಸಿದ್ಧ ಊಟ. ಕೇಗಿನಲ್ಲಿ ಮರ ತನ್ನ ಜೀವಮಾನದುದ್ದಕ್ಕೂ ಕೂಡಿಹಾಕಿದ ರಾಳ, ಎಣ್ಣೆ, ಟ್ಯಾನಿನ್‌ನಂಥ ವಸ್ತುಗಳಿರುತ್ತವೆ. ಅವು ಕೊಳೆಯುವುದನ್ನು ತಡೆಯುತ್ತವೆ. ಕೊಂಬೆ ಕಾಂಡವನ್ನು ಕೂಡುವ ಗಂಟು ಇನ್ನೂ ಗಟ್ಟಿ. ದಂಡೆಯ ಮರವೊಂದು ಪ್ರವಾಹಕ್ಕೆ ಸಿಕ್ಕಿ ಬಿದ್ದರೆ ಮೊದಲು ತೊಗಟೆ ಹೋಗುತ್ತದೆ, ಆಮೇಲೆ ಮೆದು ಭಾಗವನ್ನು ಶಿಲೀಂಧ್ರ ಮತ್ತು ಜೀರುಂಡೆಯ ಮರಿಹುಳ ತಿನ್ನುತ್ತವೆ, ಉಳಿದದ್ದನ್ನು ಮರಳು ಉಜ್ಜುತ್ತದೆ. ಗಟ್ಟಿಯಾದದ್ದು ಉಳಿಯುತ್ತದೆ, ಮೆತ್ತಗಿದ್ದದ್ದು ಹೋಗುತ್ತದೆ. ಬೇರುಗಳ ತಿರುಚು ಮರುಚು ಮಾತ್ರ ಹುಟ್ಟಿನಿಂದಲೇ ಬಂದದ್ದು: ಮಣ್ಣಿನೊಳಗೆ ಕಲ್ಲು ಅಡ್ಡ ಬಂದಲ್ಲೆಲ್ಲ ಬೇರು ಸುತ್ತಿ ಹೋದ ದಾರಿಯ ಗುರುತು ಅದು.

ಅಂದರೆ ನಾವು ಕಾಷ್ಠಶಿಲ್ಪ ಎಂದು ಮೆಚ್ಚುವ ವಸ್ತುವನ್ನು ಬಹುಮಟ್ಟಿಗೆ ಕೆತ್ತಿದವು ಅದರೊಳಗೆ ವಾಸ ಮಾಡಿದ ಜೀವಿಗಳೇ. ನಾವು ಎತ್ತಿಕೊಳ್ಳುವ ಹೊತ್ತಿಗೆ ಆ ಕೆಲಸ ಮುಗಿದಿರುವುದಿಲ್ಲ, ಕೆಲಸಗಾರರೂ ಹೊರಟುಹೋಗಿರುವುದಿಲ್ಲ.

ಬಿದ್ದ ಮರದ ಒಳಗೆ ಎಷ್ಟು ಜನವಸತಿ ಇದೆ ಎಂಬುದನ್ನು ಕಾಲೇಜಿನ ಪುಸ್ತಕಗಳು ಸರಿಯಾಗಿ ಹೇಳುವುದಿಲ್ಲ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ತಿಯಾಗಿ ಒಡೆಯಬಲ್ಲ ಜೀವಿಗಳು ಬಹಳ ಕಡಿಮೆ, ಕೆಲವು ಜಾತಿಯ ಶಿಲೀಂಧ್ರಗಳು ಅವುಗಳಲ್ಲಿ ಮುಖ್ಯ. ಮಳೆಗಾಲದಲ್ಲಿ ಬೊಡ್ಡೆಯ ಮೇಲೆ ಕೊಡೆಯಂತೆ, ಕಿವಿಯಂತೆ ಏಳುವ ಅಣಬೆ ಅವುಗಳ ಹಣ್ಣು ಇದ್ದಂತೆ. ಅಸಲು ದೇಹ ನೂಲಿನ ಎಳೆಯಾಗಿ ಮರದೊಳಗೆ ಹಬ್ಬಿರುತ್ತದೆ. ಅದು ಮೆದು ಮಾಡಿದ ಮರಕ್ಕೆ ಗೆದ್ದಲು ಬರುತ್ತದೆ. ಗೆದ್ದಲಿನ ಹೊಟ್ಟೆಯಲ್ಲಿ ಮರ ಅರಗಿಸುವ ಸೂಕ್ಷ್ಮಜೀವಿಗಳಿವೆ. ಕೆಲವು ಗೆದ್ದಲುಗಳಂತೂ ಹುತ್ತದೊಳಗೆ ಅಣಬೆಯ ತೋಟವನ್ನೇ ಮಾಡುತ್ತವೆ. ಉದ್ದ ಮೀಸೆಯ ಜೀರುಂಡೆಗಳ ಮರಿಹುಳ ವರ್ಷಗಟ್ಟಲೆ ಮರದೊಳಗೇ ಇದ್ದು ಬೆಳೆಯುತ್ತದೆ. ಅದನ್ನು ಹುಡುಕಿ ಮರಕುಟಿಗ ಬರುತ್ತದೆ. ತೇವದ ಅಡಿಭಾಗದಲ್ಲಿ ಸಹಸ್ರಪದಿ, ಚೇಳು, ಕಪ್ಪೆ, ಹಲ್ಲಿ. ಅವನ್ನು ತಿನ್ನಲು ಹಾವು.

ಇಂಗ್ಲೆಂಡಿನ ಪರಿಸರ ವಿಜ್ಞಾನಿ ಚಾರ್ಲ್ಸ್ ಎಲ್ಟನ್ ಆಕ್ಸ್‌ಫರ್ಡ್ ಹತ್ತಿರದ ವೈಥಮ್ ಕಾಡನ್ನು ದಶಕಗಳ ಕಾಲ ಅಭ್ಯಾಸ ಮಾಡಿ 1966ರಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಸಾಯುತ್ತಿರುವ, ಸತ್ತು ಬಿದ್ದ ಮರಗಳನ್ನೆಲ್ಲ ತೆಗೆದುಬಿಟ್ಟರೆ ಆ ಕಾಡು ತನ್ನ ಪ್ರಾಣಿವರ್ಗದ ಐದನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡೀತು ಎಂಬುದು ಅವರ ಅಂದಾಜು. ಅದು ಚಳಿನಾಡಿನ ಕಾಡಿನ ಮಾತು, ನಿಜ. ಆ ಲೆಕ್ಕವನ್ನು ಹಾಗೇ ತಂದು ಪಶ್ಚಿಮ ಘಟ್ಟಕ್ಕೆ ಅಂಟಿಸಬಾರದು. ಆದರೂ ಅಲ್ಲಿಗಿಂತ ಹೆಚ್ಚು ಬಗೆಯ ಜೀವಿಗಳಿರುವ ನಮ್ಮ ಕಾಡಿನಲ್ಲಿ ಸತ್ತ ಮರದ ಪಾತ್ರ ಸಣ್ಣದಿದ್ದೀತು ಎಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಹೊಳೆಯಲ್ಲಿ ಬಿದ್ದ ದಿಮ್ಮಿಯ ಕಥೆ ಇನ್ನೂ ಸ್ವಾರಸ್ಯದ್ದು. ನೀರಿನ ವೇಗ ಅದಕ್ಕೆ ತಗುಲಿ ಕಡಿಮೆಯಾಗುತ್ತದೆ, ಹಿಂದೆ ಒಂದು ಸಣ್ಣ ಮಡು ಆಗುತ್ತದೆ, ಅಲ್ಲಿ ಮೀನಿನ ಮರಿಗಳು ನಿಲ್ಲುತ್ತವೆ. ದಿಮ್ಮಿಯ ಮೇಲೆ ಪಾಚಿ ಹಿಡಿಯುತ್ತದೆ, ಪಾಚಿಗೆ ಕೀಟಗಳು, ಕೀಟಗಳಿಗೆ ಮೀನು. ದಾಂಡೇಲಿಯ ಸುತ್ತ ಕಾಳಿಯಲ್ಲಿ ಮೊಸಳೆಗಳಿವೆ. ಮೊಸಳೆ, ಆಮೆ ಎರಡೂ ತಣ್ಣನೆ ರಕ್ತದ ಪ್ರಾಣಿಗಳು. ಬಿಸಿಲು ಕಾಯದಿದ್ದರೆ ಅವಕ್ಕೆ ಉಂಡದ್ದು ಅರಗುವುದಿಲ್ಲ. ಬಿಸಿಲು ಕಾಯಲು ನೀರಿಗೆ ಹತ್ತಿರದ ಬಂಡೆ, ಮರಳುದಿಬ್ಬ, ಇಲ್ಲವೆ ಬಿದ್ದ ಮರ ಬೇಕು. ಕಾಳಿಯಲ್ಲಿ ನೀರುನಾಯಿಗಳೂ ಇವೆ. ಅವು ದಂಡೆಯ ಬಂಡೆ, ಬೊಡ್ಡೆಗಳ ಮೇಲೆ ಹಿಕ್ಕೆ ಹಾಕಿ ತಮ್ಮ ಸರಹದ್ದಿನ ಸುದ್ದಿಯನ್ನು ಒಂದಕ್ಕೊಂದು ತಿಳಿಸುತ್ತವೆ. ನೀವು ಆನೆಯ ಬೆನ್ನು ಮಾಡಲು ಎತ್ತಿದ ಬೊಡ್ಡೆ ಅವುಗಳ ಪಾಲಿಗೆ ಊರ ಕಟ್ಟೆ ಇದ್ದೀತು. ನೀರುನಾಯಿಯ ಬೆಲೆ ನಮ್ಮ ರಾಜ್ಯಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. 2015ರಲ್ಲಿ ಕೊಪ್ಪಳ-ಬಳ್ಳಾರಿ ಭಾಗದ ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದಿಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಕರ್ನಾಟಕವೇ.

ಅಮೆರಿಕದಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಅವರು ದೋಣಿ ಸಂಚಾರಕ್ಕೆ ಅಡ್ಡಿಯೆಂದು ನದಿಗಳಲ್ಲಿ ಬಿದ್ದ ಮರಗಳನ್ನು ಲಕ್ಷಗಟ್ಟಲೆ ಹಣ ಸುರಿದು ತೆಗೆಸಿದರು. ನದಿ ಸಪಾಟಾಯಿತು, ಮೀನು ಕಡಿಮೆಯಾಯಿತು. ಈಗ ಅದೇ ದೇಶದ ವಾಯವ್ಯ ಭಾಗದಲ್ಲಿ ಸಾಲ್ಮನ್ ಮೀನಿಗಾಗಿ ಹೊಳೆಗೆ ಮತ್ತೆ ಮರದ ದಿಮ್ಮಿ ಹಾಕುತ್ತಿದ್ದಾರೆ. ಕೆಲವು ಕಡೆ ಹೆಲಿಕಾಪ್ಟರಿನಲ್ಲಿ ತೂಗಿ ತಂದು!

ಕಾಳಿಯ ವಿಷಯದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಜೊಯಿಡಾ ತಾಲ್ಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ ಕಾರವಾರದಲ್ಲಿ ಸಮುದ್ರ ಸೇರುವ ಈ ನದಿಯ ಉದ್ದ 184 ಕಿ.ಮೀ. ಅಷ್ಟರಲ್ಲೇ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೊಂದು ಅಣೆಕಟ್ಟು. ಸೂಪಾ ಅಣೆಕಟ್ಟಿನ ಎತ್ತರವೇ 101 ಮೀಟರ್. ಮೇಲಿನ ಕಾಡಿನಿಂದ ತೇಲಿ ಬರುವ ಮರ ಹಿನ್ನೀರಿನಲ್ಲಿ ನಿಲ್ಲುತ್ತದೆ, ಅಣೆಕಟ್ಟು ದಾಟಿ ಕೆಳಗೆ ಬರುವುದಿಲ್ಲ. ಗಣೇಶಗುಡಿಯಿಂದ ಕೆಳಗೆ ದಂಡೆಯಲ್ಲಿ ಕಾಣುವ ಕಟ್ಟಿಗೆ ಹತ್ತಿರದ ದಂಡೆಯಿಂದಲೋ ಉಪಹಳ್ಳಗಳಿಂದಲೋ ಬಂದದ್ದು, ಪ್ರಮಾಣದಲ್ಲಿ ಮೊದಲಿಗಿಂತ ಕಡಿಮೆ. ಹಾಗಾಗಿ ಉಳಿದಷ್ಟಕ್ಕೆ ಬೆಲೆ ಜಾಸ್ತಿ. ಅಣೆಕಟ್ಟಿನ ಮಾತು ಬಂದಾಗ ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ: ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಕೆಳಗಿನ ಹೊಳೆ ಮೋಡವೇ ಇಲ್ಲದ ದಿನದಲ್ಲೂ ಏರುತ್ತದೆ. ಒಣಗಿ ಕಾಣುವ ನದೀಪಾತ್ರದ ನಡುವೆ ನಿಂತು ಶಿಲ್ಪ ಕಟ್ಟುವವರು ತಮ್ಮ ಜೀವವನ್ನೂ ಪಣಕ್ಕಿಟ್ಟಿರುತ್ತಾರೆ.

ವಾರಸುದಾರರಿಲ್ಲದ ಮಾಲು ಅಲ್ಲ

ಇನ್ನು ಕಾನೂನು. ತೇಲಿಬಂದ ಮರ ಸಿಕ್ಕವರ ಪಾಲು ಎಂಬ ಭಾವನೆ ನಮ್ಮಲ್ಲಿ ಸಹಜವಾಗಿ ಇದೆ. ಬ್ರಿಟಿಷರಿಗೆ ಇದು ದೊಡ್ಡ ತಲೆನೋವಾಗಿತ್ತು. ಆ ಕಾಲದಲ್ಲಿ ದಿಮ್ಮಿ ಸಾಗಿಸಲು ನದಿಯೇ ಹೆದ್ದಾರಿ. ಹಸಿ ತೇಗ ಸರಿಯಾಗಿ ತೇಲುವುದಿಲ್ಲ. ಅದಕ್ಕಾಗಿ ಬರ್ಮಾದಲ್ಲಿ ನಿಂತ ಮರಕ್ಕೆ ಸುತ್ತ ಕಚ್ಚು ಹಾಕಿ, ಮೂರು ವರ್ಷದಷ್ಟು ಕಾಲ ಒಣಗಲು ಬಿಟ್ಟು ಆಮೇಲೆ ಕಡಿಯುತ್ತಿದ್ದರು. ದಿಮ್ಮಿಗೆ ಸುತ್ತಿಗೆಯಿಂದ ಮಾಲೀಕರ ಗುರುತು ಒತ್ತಿ ನೀರಿಗೆ ಬಿಡುತ್ತಿದ್ದರು. ಪ್ರವಾಹದಲ್ಲಿ ತೆಪ್ಪ ಒಡೆದರೆ ಮಾಲು ಊರೂರಿಗೆ ಚದುರುತ್ತಿತ್ತು. ಯಾರ ಮರ, ಯಾರಿಗೆ ಸಿಕ್ಕಿತು ಎಂಬ ವ್ಯಾಜ್ಯ ಬಿಡಿಸಲು 1878ರ ಅರಣ್ಯ ಕಾಯ್ದೆಯಲ್ಲೂ ಆಮೇಲಿನ 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲೂ ಒಂದು ಅಧ್ಯಾಯವನ್ನೇ ಸೇರಿಸಿದರು. ತೇಲುತ್ತಿರುವ, ದಡಕ್ಕೆ ಬಿದ್ದ, ಮುಳುಗಿದ ಮರವೆಲ್ಲ ಬೇರೊಬ್ಬರು ತಮ್ಮದೆಂದು ಸಾಬೀತು ಮಾಡುವವರೆಗೆ ಸರ್ಕಾರದ ಸ್ವತ್ತು ಎಂಬುದು ಅದರ ತಿರುಳು. ಕರ್ನಾಟಕ ಅರಣ್ಯ ಕಾಯ್ದೆ, 1963 ಅದನ್ನೇ ಮುಂದುವರಿಸಿತು. ಇಲ್ಲಿ ಕಾನೂನಿನ ಕಣ್ಣು ಮರದ ಬೆಲೆಯ ಮೇಲೆ ಇತ್ತೇ ಹೊರತು ಕಪ್ಪೆಯ ಮೇಲೆ ಇರಲಿಲ್ಲ.

ಕಪ್ಪೆಯ ಕಡೆ ನೋಡಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅಭಯಾರಣ್ಯದಿಂದ ಯಾವುದೇ ಅರಣ್ಯ ಉತ್ಪನ್ನವನ್ನು ತೆಗೆಯುವುದನ್ನು, ವನ್ಯಪ್ರಾಣಿಯ ಆವಾಸವನ್ನು ಯಾವ ಬಗೆಯಿಂದಲೇ ಆಗಲಿ ಕೆಡಿಸುವುದನ್ನು ಅದರ 29ನೇ ವಿಧಿ ತಡೆಯುತ್ತದೆ. "ನಾವು ಹೊರಗೆ ಒಯ್ಯಲಿಲ್ಲ, ಅಲ್ಲೇ ಜೋಡಿಸಿ ಇಟ್ಟೆವು" ಎಂಬ ವಾದಕ್ಕೆ ಈ ಎರಡನೇ ಮಾತೇ ಉತ್ತರ. ಬೊಡ್ಡೆ ಎರಡು ಮಾರು ಸರಿದರೆ ನಮಗೆ ಏನೂ ಆಗಿಲ್ಲ, ಅದರ ಅಡಿಯ ತೇವದಲ್ಲಿದ್ದ ಜೀವಿಗೆ ಮನೆಯ ಛಾವಣಿ ಹಾರಿಹೋಗಿದೆ. ಅಭಯಾರಣ್ಯದೊಳಗೆ ಯಾವ ಯಾವ ಕೆಲಸಕ್ಕೆ ಪರವಾನಗಿ ಕೊಡಬಹುದು ಎಂಬ ಪಟ್ಟಿ 28ನೇ ವಿಧಿಯಲ್ಲಿದೆ: ವನ್ಯಜೀವಿ ಅಧ್ಯಯನ, ವೈಜ್ಞಾನಿಕ ಸಂಶೋಧನೆ, ಛಾಯಾಗ್ರಹಣ, ಪ್ರವಾಸ, ಅಲ್ಲಿನ ನಿವಾಸಿಗಳೊಡನೆ ಕಾನೂನುಬದ್ಧ ವ್ಯವಹಾರ. ಶಿಲ್ಪ ಕಟ್ಟುವುದು ಅದರಲ್ಲಿಲ್ಲ. ಕ್ಯಾಮೆರಾ ಹೊತ್ತು ಹೋಗುವ ನಮ್ಮಂಥವರಿಗೂ 2022ರ ತಿದ್ದುಪಡಿ ಒಂದು ಷರತ್ತು ಹಾಕಿದೆ. ಚಿತ್ರೀಕರಣ ಮಾಡಬಹುದು, ಆದರೆ ಆವಾಸದಲ್ಲಿ ಯಾವ ಬದಲಾವಣೆಯೂ ಆಗಬಾರದು. ಅಂದರೆ ದೃಶ್ಯಕ್ಕೆ ಅಡ್ಡ ಬಂದ ಕೊಂಬೆಯನ್ನು ಮುರಿಯುವ ಹಾಗಿಲ್ಲ, ಕ್ಯಾಮೆರಾವನ್ನೇ ಸರಿಸಿಕೊಳ್ಳಬೇಕು. ಸರಿಯಾದ ಷರತ್ತು. ಅದೇ ತಿದ್ದುಪಡಿಯ ಪ್ರಕಾರ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹುಲಿ ಸಂರಕ್ಷಿತ ಪ್ರದೇಶದ ಒಳವಲಯದಲ್ಲಿ ಇನ್ನೂ ಬಿಗಿ.

ಎಲ್ಲಕ್ಕಿಂತ ನೇರವಾದದ್ದು ಸುಪ್ರೀಂ ಕೋರ್ಟಿನ ಒಂದು ಆದೇಶ. ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ ಎಂಬುವರು ನೀಲಗಿರಿ ಸೀಮೆಯ ಕಾಡಿನ ಮರಕಡಿತದ ವಿರುದ್ಧ 1995ರಲ್ಲಿ ಹೂಡಿದ ದಾವೆ ಬೆಳೆದು ಇಡೀ ದೇಶದ ಕಾಡಿನ ಮೊಕದ್ದಮೆಯಾಯಿತು. ಅದೇ ಪ್ರಕರಣದಲ್ಲಿ 14 ಫೆಬ್ರವರಿ 2000ರಂದು ನ್ಯಾಯಾಲಯ, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ರೋಗ ಹಿಡಿದ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನು ತೆಗೆಯಲು ಆದೇಶ ಕೊಡಕೂಡದೆಂದು ಸರ್ಕಾರಗಳನ್ನೇ ತಡೆಯಿತು. ಆ ಪಟ್ಟಿಯಲ್ಲಿ ಹುಲ್ಲಿನ ಜೊತೆಗೆ ತೇಲಿಬಂದ ಕಟ್ಟಿಗೆಯ ಹೆಸರೂ ಇದೆ. ದಾಂಡೇಲಿ 1956ರಿಂದ ಅಭಯಾರಣ್ಯ. ಅದರದೇ ಒಂದು ಭಾಗ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಸರ್ಕಾರವೇ ಮುಟ್ಟಬಾರದೆಂದ ಕಟ್ಟಿಗೆಯನ್ನು ಪ್ರವಾಸಕ್ಕೆ ಹೋದವರು ಮುಟ್ಟಬಹುದೇ?

ನೀವು ಕೂತ ದಂಡೆಯ ಎಲ್ಲ ಭಾಗವೂ ಅಭಯಾರಣ್ಯ ಅಲ್ಲ ಎಂಬುದು ನಿಜ. ದಾಂಡೇಲಿ ಪಟ್ಟಣದ ಸುತ್ತ ಮೀಸಲು ಅರಣ್ಯವಿದೆ, ಹಳ್ಳಿಗಳಿವೆ, ಖಾಸಗಿ ಜಮೀನಿದೆ, 2011ರಲ್ಲಿ ಘೋಷಿಸಿದ ಮಂಗಟ್ಟೆ ಹಕ್ಕಿಯ ಸಂರಕ್ಷಣಾ ಮೀಸಲು ಇದೆ. ಮೀಸಲು ಅರಣ್ಯದಲ್ಲೂ ಕಟ್ಟಿಗೆ ಎತ್ತಲು ಅಪ್ಪಣೆ ಬೇಕು. ನದಿಯ ನಡುವೆ ಗೆರೆ ಎಳೆದಿರುವುದಿಲ್ಲ. ಗೊತ್ತಾಗದಿದ್ದರೆ ಅರಣ್ಯ ರಕ್ಷಕರನ್ನು ಕೇಳಿ.

ಈ ಕಾನೂನಿಗೆ ಒಂದು ನೋವಿನ ಮುಖವಿದೆ, ಅದನ್ನು ಮುಚ್ಚಿಟ್ಟು ಮಾತನಾಡುವುದು ಸರಿಯಲ್ಲ. ಆ ಕಾಡಿನಲ್ಲಿ ತಲೆಮಾರುಗಳಿಂದ ಸಿದ್ದಿ, ಕುಣಬಿ, ಗೌಳಿ ಜನ ಬದುಕಿದ್ದಾರೆ. ಅವರಿಗೆ ಬಿದ್ದ ಕಟ್ಟಿಗೆ ಎಂದರೆ ಒಲೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲೇ ಬದುಕುವವರಿಗೆ ಕಿರು ಅರಣ್ಯ ಉತ್ಪನ್ನದ ಮೇಲೆ ಹಕ್ಕು ಕೊಟ್ಟಿದೆ. ಅದರ ಪಟ್ಟಿಯಲ್ಲಿ ಜೇನು, ಬಿದಿರು, ಬೆತ್ತದ ಜೊತೆ ಕುರುಚಲು ಕಟ್ಟಿಗೆ, ಬೊಡ್ಡೆಗಳೂ ಇವೆ. ಅಭಯಾರಣ್ಯಗಳಿಗೂ ಆ ಕಾಯ್ದೆ ಅನ್ವಯಿಸುತ್ತದೆ. ಆದರೆ ಹಕ್ಕುಪತ್ರ ಕೈಗೆ ಬರುವ ದಾರಿ ಉದ್ದ. ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತ ಹೆಂಗಸನ್ನು ತಡೆದು ಕೇಳುವ ನಾಡಿನಲ್ಲಿ, ಅದೇ ಕಟ್ಟಿಗೆಯಿಂದ ಆಟದ ಆನೆ ಕಟ್ಟಿದ ಪ್ರವಾಸಿಗಳನ್ನು ನಕ್ಕು ಬಿಡುವುದಾದರೆ ಅದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಆಕೆಯ ಅಗತ್ಯದ ಮುಂದೆ ನಮ್ಮ ಅಗತ್ಯ ಏನೂ ಅಲ್ಲ.

ನೇಕ್ ಚಂದರ ಪ್ರಶ್ನೆ

ಇಷ್ಟು ಹೇಳಿದ ಮೇಲೆ ಓದಿಕೊಂಡ ವಿದ್ಯಾರ್ಥಿಯೊಬ್ಬರು ಎದ್ದು ನಿಲ್ಲುತ್ತಾರೆ: "ಹಂಗಾದ್ರ ಚಂಡೀಗಢದ ರಾಕ್ ಗಾರ್ಡನ್?" ಒಳ್ಳೆಯ ಪ್ರಶ್ನೆ. ಇಡೀ ವಾದಕ್ಕೆ ಇದಕ್ಕಿಂತ ಗಟ್ಟಿ ಎದುರುವಾದ ಇಲ್ಲ.

ನೇಕ್ ಚಂದ್ ದೇಶವಿಭಜನೆಯಲ್ಲಿ ಊರು ಕಳೆದುಕೊಂಡು ಬಂದವರು, ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್. ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಯೋಜಿಸಿದ ಹೊಸ ನಗರ ಏಳುತ್ತಿತ್ತು, ಅದಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷ ರಾಶಿ ಬಿದ್ದಿತ್ತು. 1950ರ ದಶಕದ ಕೊನೆಯಿಂದ ಈ ಮನುಷ್ಯ ಕೆಲಸ ಮುಗಿದ ಮೇಲೆ ಸೈಕಲ್ಲಿನಲ್ಲಿ ಒಡೆದ ಪಿಂಗಾಣಿ, ಬಳೆಚೂರು, ಹೊಳೆಯ ವಿಚಿತ್ರ ಕಲ್ಲು ಹೇರಿಕೊಂಡು ಸುಖನಾ ಕೆರೆಯ ಹತ್ತಿರದ ಕಾಡಿನ ಕೊರಕಲಿಗೆ ಹೋಗುತ್ತಿದ್ದರು. ಏನನ್ನೂ ಕಟ್ಟಕೂಡದೆಂದು ಕಾದಿಟ್ಟ ಜಾಗ ಅದು. ಗುಟ್ಟಾಗಿ ವರ್ಷಗಟ್ಟಲೆ ಕಟ್ಟಿದರು. 1970ರ ದಶಕದಲ್ಲಿ ಅಧಿಕಾರಿಗಳ ಕಣ್ಣಿಗೆ ಬೀಳುವ ಹೊತ್ತಿಗೆ ಅಂಗಳಗಳು, ನೂರಾರು ಬೊಂಬೆಗಳು ಎದ್ದಿದ್ದವು. ಕಾನೂನಿನಂತೆ ಕೆಡವಬೇಕಿತ್ತು. ಜನ ಒಪ್ಪಲಿಲ್ಲ. 1976ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದರು, ನೇಕ್ ಚಂದರಿಗೆ ಅಲ್ಲೇ ಸಂಬಳದ ಕೆಲಸ ಕೊಟ್ಟು 50 ಕೂಲಿಗಳನ್ನೂ ಕೊಟ್ಟರು. ಮುಂದೆ ರಸ್ತೆಗಾಗಿ ಬುಲ್ಡೋಜರ್ ಬಂದಾಗ ಜನ ಕೈ ಕೈ ಹಿಡಿದು ಅಡ್ಡ ನಿಂತರು. 1984ರಲ್ಲಿ ಪದ್ಮಶ್ರೀ ಬಂತು. 2015ರಲ್ಲಿ ನೇಕ್ ಚಂದ್ ತೀರಿಕೊಂಡರು.

ಇದಕ್ಕೆ ಪಕ್ಕದಲ್ಲಿ ಇನ್ನೊಂದು ಊರನ್ನು ಇಟ್ಟು ನೋಡಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಯಲ್ಲಿ ಎಮರಿವಿಲ್ ಎಂಬ ಪುಟ್ಟ ಪಟ್ಟಣವಿದೆ. ಅದರ ಕೆಸರು ಬಯಲಿನಲ್ಲಿ 1960ರ ದಶಕದಿಂದ ವಿದ್ಯಾರ್ಥಿಗಳು, ಹೆಸರು ಹೇಳದ ಕಲಾವಿದರು ಅಲೆ ತಂದು ಹಾಕಿದ ಕಟ್ಟಿಗೆಯಿಂದಲೇ ವಿಮಾನ, ರೈಲು, ಪ್ರಾಣಿಗಳನ್ನು ಕಟ್ಟಿ ನಿಲ್ಲಿಸುತ್ತಿದ್ದರು. ಯಾರ ಅಪ್ಪಣೆಯೂ ಇಲ್ಲ. ಹೆದ್ದಾರಿಯಲ್ಲಿ ಹೋಗುವವರಿಗೆ ನೋಡುವುದೇ ಒಂದು ಖುಷಿ, ದೂರದೂರಕ್ಕೆ ಹೆಸರು. ಆದರೆ ಆ ಜೌಗು ನೀರುಹಕ್ಕಿಗಳ ನೆಲೆ. ಅದನ್ನು ಕಾಪಾಡಬೇಕೆಂಬ ತಿಳಿವಳಿಕೆ ಬಂದಾಗ, 1990ರ ದಶಕದ ಕೊನೆಯ ಹೊತ್ತಿಗೆ, ಶಿಲ್ಪಗಳನ್ನು ತೆರವು ಮಾಡಿದರು. ನೋಡಿದವರು ಇಂದೂ ನೆನೆಸಿಕೊಂಡು ಮರುಗುತ್ತಾರೆ. ಹಕ್ಕಿಗಳು ಮಾತ್ರ ಇವೆ.

ಒಂದು ಕಡೆ ಉಳಿಸಿದರು, ಇನ್ನೊಂದು ಕಡೆ ತೆಗೆದರು. ಎರಡೂ ಸರಿಯಿರಲು ಸಾಧ್ಯವೇ? ಸಾಧ್ಯ ಎಂದೇ ನನಗೆ ತೋರುತ್ತದೆ. ನೇಕ್ ಚಂದ್ ಮುಖ್ಯವಾಗಿ ಬಳಸಿದ್ದು ನಗರ ಬಿಸಾಡಿದ್ದನ್ನು. ಜಾಗ ಬೆಳೆಯುವ ನಗರಕ್ಕೆ ಅಂಟಿಕೊಂಡ ಹಸಿರು ಪಟ್ಟಿ. ಅಲ್ಲಿ ಹುಲಿ, ನೀರುನಾಯಿಗಳ ಪ್ರಶ್ನೆ ಬರಲಿಲ್ಲ. ಹಾಗೆಂದು ಏನೂ ನಷ್ಟವಾಗಲಿಲ್ಲ ಎಂದಲ್ಲ. ಆ ಕೊರಕಲಿನ ಹಾವು, ಹಕ್ಕಿಗಳ ಪರವಾಗಿ ಸಾಲಾಗಿ ನಿಲ್ಲುವವರು ಯಾರೂ ಇರಲಿಲ್ಲ. ಕಾಳಿಯ ದಂಡೆಯ ಆನೆಗೂ ರಾಕ್ ಗಾರ್ಡನ್ನಿಗೂ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಆತ ಜೀವಮಾನವನ್ನೇ ಕೊಟ್ಟರು. ನಾವು ಕೊಡುವುದು ಬಸ್ಸು ಹೊರಡುವವರೆಗಿನ ಮುಕ್ಕಾಲು ಗಂಟೆ. ಅಷ್ಟು ಹೊತ್ತಿನ ಖುಷಿಗೆ ಬೊಡ್ಡೆಯೊಳಗಿನ ಜೀರುಂಡೆಮರಿ ಹಲವು ವರ್ಷದ ಬಾಳನ್ನು ತೆರಬೇಕು. ಒಂದು ಗುಂಪು ಆನೆ ಕಟ್ಟಿ ಅದರ ಚಿತ್ರ ಮೊಬೈಲಿನಲ್ಲಿ ಊರೆಲ್ಲ ಹರಿದಾಡಿದರೆ ಮುಂದಿನ ಭಾನುವಾರ ಹತ್ತು ಗುಂಪು ಬರುತ್ತವೆ. ಒಂದೊಂದೂ ಹೊಸ ಕಟ್ಟಿಗೆ ಹುಡುಕುತ್ತದೆ.

ಕಲ್ಲಿನ ಮಾತೂ ಹೀಗೆಯೇ. ಸ್ವಂತ ಮನೆ ಆಗಲಿ ಎಂಬ ಹರಕೆಗೆ ಹಂಪಿಯ ಗುಡ್ಡಗಳಲ್ಲಿ, ಮೇಲುಕೋಟೆಯಲ್ಲಿ ಕಲ್ಲಿನ ಮೇಲೆ ಕಲ್ಲು ಇಟ್ಟು ಬರುವ ರೂಢಿ ನಮ್ಮಲ್ಲಿದೆ. ಭಕ್ತಿಯ ನಾಲ್ಕು ಕಲ್ಲಿಗೆ ನಾನು ತಕರಾರು ಹೇಳಲಾರೆ. ಆದರೆ ಅದನ್ನು ನೋಡಿ, ಹರಕೆಯೂ ಇಲ್ಲದೆ, ಅಭಯಾರಣ್ಯದ ಹಳ್ಳದಲ್ಲಿ ಬರೀ ಚಿತ್ರಕ್ಕಾಗಿ ಗೋಪುರ ಏರಿಸುವವರು ಹೆಚ್ಚಾಗಿದ್ದಾರೆ. ಕಲ್ಲು ಎತ್ತಿದಲ್ಲೆಲ್ಲ ಒಂದು ಸಣ್ಣ ಮನೆ ಬಿಚ್ಚಿಕೊಳ್ಳುತ್ತದೆ.

ಹಾಗಾದರೆ ಶಿಲ್ಪ ಬೇಡವೇ?

ಬೇಕು. ಕೈಗೆ ಕೆಲಸ ಬೇಡುವ ವಯಸ್ಸು ನಿಮ್ಮದು. ಹುಬ್ಬಳ್ಳಿ-ಧಾರವಾಡದಲ್ಲಿ ಕಟ್ಟಿಗೆಗೆ ಬರ ಇಲ್ಲ. ಸಾ ಮಿಲ್ಲುಗಳಲ್ಲಿ ಗಂಟು ಬಿದ್ದ ತುಂಡು, ಬೇರಿನ ಬುಡಗಳನ್ನು ಒಲೆಯ ಕಟ್ಟಿಗೆಯ ದರಕ್ಕೆ ಕೊಡುತ್ತಾರೆ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ರಸ್ತೆ ಬದಿಯ ಮರಗಳು ಪ್ರತಿ ವರ್ಷ ಉರುಳುತ್ತವೆ. ಅವನ್ನು ಕೇಳದೆ ಒಯ್ಯುವಂತಿಲ್ಲ, ಆದರೆ ಕಾಲೇಜಿನಿಂದ ಪತ್ರ ಬರೆದು ಕೇಳಲು ಅಡ್ಡಿಯಿಲ್ಲ. ತೆಂಗಿನ ಬುಡ, ಹಳೆಯ ಮನೆ ಕೆಡವಿದಾಗ ಸಿಗುವ ತೊಲೆ, ಮುರಿದ ಚಕ್ಕಡಿಯ ಗಾಲಿ, ನೊಗ ಇವೆಲ್ಲ ಒಳ್ಳೆಯ ಸಾಮಗ್ರಿ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಹುಬ್ಬಳ್ಳಿಯಿಂದ ದೂರವಿಲ್ಲ. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನೇ ಅಲ್ಲಿ ಶಿಲ್ಪವಾಗಿ ನಿಲ್ಲಿಸಿದ್ದಾರೆ. ಇದಕ್ಕೆ ಯಾವ ಕಾಡಿನ ಬೊಡ್ಡೆಯೂ ಬೇಕಾಗಲಿಲ್ಲ. ಶಿಲ್ಪದ ಆಸೆ ಇದ್ದವರು ಒಮ್ಮೆ ಹೋಗಿ ಬನ್ನಿ.

ದಾಂಡೇಲಿಗೆ ಹೋದಾಗ ಮಾಡಬಹುದಾದ ಇನ್ನೊಂದು ಕೆಲಸ ಸೂಚಿಸುತ್ತೇನೆ. ಅರಣ್ಯ ಸಿಬ್ಬಂದಿ ತೋರಿಸಿದ ಜಾಗದಲ್ಲಿ ಒಂದೇ ಒಂದು ಬೊಡ್ಡೆಯನ್ನು ಆರಿಸಿಕೊಳ್ಳಿ. ನಾಲ್ಕು ಹೆಜ್ಜೆ ದೂರ ಕೂತು, ಮುಟ್ಟದೆ, ಅರ್ಧ ಗಂಟೆ ನೋಡಿ. ಎಷ್ಟು ಬಣ್ಣದ ಅಣಬೆ, ಯಾವ ಕಡೆ ಪಾಚಿ, ಇರುವೆ ಎಲ್ಲಿಂದ ಎಲ್ಲಿಗೆ, ಯಾವ ಹಕ್ಕಿ ಬಂದು ಕುಕ್ಕಿತು, ಯಾರ ಹಿಕ್ಕೆ ಇದೆ, ನೆರಳು ಸರಿದಾಗ ಯಾರು ಒಳಗೆ ಹೋದರು ಎಂದು ಪಟ್ಟಿ ಮಾಡಿ. ಕೈಯಿಂದ ಒಂದು ಚಿತ್ರ ಬರೆಯಿರಿ. ಜೀವಶಾಸ್ತ್ರ ಓದದವರಿಗೂ ಇದು ಬರುತ್ತದೆ, ಹೆಸರು ಗೊತ್ತಿಲ್ಲದ ಜೀವಿಗೆ ಬಣ್ಣ, ಅಳತೆ ಬರೆದರೆ ಸಾಕು. ಒಳ್ಳೆಯ ಪಟ್ಟಿಗಳನ್ನು ನಮ್ಮ ಕಾರ್ಯಕ್ರಮಕ್ಕೆ ಕಳುಹಿಸಿ, ಮುಂದಿನ ಚರ್ಚೆಯಲ್ಲಿ ತಜ್ಞರ ಮುಂದೆ ಇಡುತ್ತೇವೆ. ಚಿತ್ರದ ಹಿಂಬದಿಯಲ್ಲಿ ನಿಮ್ಮ ಹೆಸರು, ತರಗತಿಯ ಜೊತೆ ನೋಡಿದ ದಿನಾಂಕ, ವೇಳೆ ಮತ್ತು ಸ್ಥಳವನ್ನು ಬರೆಯಲು ಮರೆಯಬೇಡಿ.